ಕಾಯುವ ಪಟ್ಟಿ (ಕಾಲೇಜು ಪ್ರವೇಶ)

ಸೀಟಿಗಿಂತ ಅರ್ಹರು ಹೆಚ್ಚಿರುವ ಕಾಲೇಜಿನಲ್ಲಿ, ಮೊದಲ ಹಂಚಿಕೆಯಲ್ಲಿ ಜಾಗ ಸಿಗದವರನ್ನು ಕ್ರಮವಾಗಿ ಉಳಿಸಿಕೊಂಡು, ಸೀಟು ತೆರವಾದ ಹಾಗೆ ಕರೆಯುವ ಏರ್ಪಾಡಿಗೆ ಕಾಯುವ ಪಟ್ಟಿ ಅಥವಾ ವೇಟಿಂಗ್ ಲಿಸ್ಟ್ ಎನ್ನುತ್ತಾರೆ. ಭಾರತದ ಕೇಂದ್ರೀಕೃತ ಕೌನ್ಸೆಲಿಂಗ್‌ನಲ್ಲಿ ಇದಕ್ಕೆಂದು ಬೇರೆ ಪಟ್ಟಿ ಪ್ರಕಟವಾಗುವುದು ಕಡಿಮೆ. ಒಂದು ಕಾಲೇಜಿನ ಒಂದು ವಿಭಾಗದಲ್ಲಿ ಕೊನೆಯದಾಗಿ ಸೀಟು ಪಡೆದವರ ರ‍್ಯಾಂಕಿಗಿಂತ ಹಿಂದಿದ್ದು, ಆ ಸೀಟನ್ನು ತಮ್ಮ ಆಯ್ಕೆಯಲ್ಲಿ ಬರೆದಿರುವ ಎಲ್ಲರೂ ಕಾಯುವವರೇ. ಕೇರಳದ ಕೀಮ್, ಕರ್ನಾಟಕದ ಸಿಇಟಿ, ಐಐಟಿ-ಎನ್‌ಐಟಿಗಳ ಜೋಸಾ, ವೈದ್ಯಕೀಯ ಸೀಟುಗಳ ಎಂಸಿಸಿ ಇವೆಲ್ಲ ನಡೆಯುವುದು ಹೀಗೆಯೇ.

ಕಾಯುವ ಅಭ್ಯರ್ಥಿ ಏನು ಮಾಡಬಹುದು ಎಂಬುದಕ್ಕೆ ದೇಶದಿಂದ ದೇಶಕ್ಕೆ ಉತ್ತರ ಬೇರೆ. ಅಮೆರಿಕದಲ್ಲಿ ಪಟ್ಟಿಯಿಂದ ಯಾರನ್ನು ಎತ್ತಬೇಕೆಂದು ಪ್ರವೇಶಾಧಿಕಾರಿಗಳು ಕೂತು ತೀರ್ಮಾನಿಸುತ್ತಾರೆ. ಅಲ್ಲಿ ಒಂದು ಒಳ್ಳೆಯ ಪತ್ರಕ್ಕೆ ಬೆಲೆಯಿದೆ. ಕೇರಳ, ಕರ್ನಾಟಕಗಳಲ್ಲಿ ಕಂಪ್ಯೂಟರು ರ‍್ಯಾಂಕನ್ನೂ ಮೀಸಲಾತಿಯನ್ನೂ ಆಯ್ಕೆಗಳ ಕ್ರಮವನ್ನೂ ಮಾತ್ರ ನೋಡುತ್ತದೆ. ಪತ್ರ, ಶಿಫಾರಸು, ಪ್ರಾಂಶುಪಾಲರ ಭೇಟಿ ಯಾವುದೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೂ ನಮ್ಮಲ್ಲಿ ಪ್ರತಿ ವರ್ಷ ರ‍್ಯಾಂಕ್ ಇದ್ದವರೇ ಸೀಟು ಕಳೆದುಕೊಳ್ಳುತ್ತಾರೆ. ಆಯ್ಕೆಗಳನ್ನು ತಪ್ಪು ಕ್ರಮದಲ್ಲಿ ಬರೆಯುವುದು, ಪ್ರಮಾಣಪತ್ರ ತಡವಾಗುವುದು, ಶುಲ್ಕದ ಗಡುವು ದಾಟುವುದು, ಮುಂದಿನ ಸುತ್ತಿಗೆ ಒಪ್ಪಿಗೆ ಒತ್ತದೆ ಬಿಡುವುದು ಇದಕ್ಕೆ ಸಾಮಾನ್ಯ ಕಾರಣಗಳು. ಇವೆಲ್ಲ ಅಭ್ಯರ್ಥಿಯ ಕೈಯಲ್ಲೇ ಇರುವ ಸಂಗತಿಗಳಾದ್ದರಿಂದ ಈ ಲೇಖನ ಅವುಗಳನ್ನೇ ಹೆಚ್ಚು ವಿವರಿಸುತ್ತದೆ.

ಪಟ್ಟಿ ಕದಲುವ ಬಗೆ

ಒಬ್ಬಳೇ ವಿದ್ಯಾರ್ಥಿನಿ ಒಂದೇ ಬೇಸಿಗೆಯಲ್ಲಿ ಜೆಇಇ, ನೀಟ್, ಕೀಮ್ ಮತ್ತು ಕೊಚ್ಚಿ ವಿಶ್ವವಿದ್ಯಾಲಯದ ಕ್ಯಾಟ್ ಪರೀಕ್ಷೆಗಳನ್ನು ಬರೆದಿರುತ್ತಾಳೆ. ಅವಳಿಗೆ ತಿರುವನಂತಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ ಎಂದುಕೊಳ್ಳೋಣ. ಕೆಲವು ವಾರಗಳ ಮೇಲೆ ಕೋಟ್ಟಯಂ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಸಿಕ್ಕರೆ ಎಂಜಿನಿಯರಿಂಗ್ ಸೀಟು ಬಿಡುತ್ತಾಳೆ. ಅದು ತೃಕ್ಕಾಕ್ಕರದ ಮಾಡೆಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದು ತಿರುವನಂತಪುರವನ್ನು ಮೇಲಿನ ಆಯ್ಕೆಯಾಗಿ ಉಳಿಸಿಕೊಂಡವನಿಗೆ ಹೋಗುತ್ತದೆ. ಅವನು ಬಿಟ್ಟದ್ದು ತೃಶ್ಶೂರಿನ ಸರ್ಕಾರಿ ಕಾಲೇಜಿನಲ್ಲಿದ್ದವಳಿಗೆ, ಅವಳು ಬಿಟ್ಟದ್ದು ಇನ್ನೂ ಯಾವ ಸೀಟೂ ಇಲ್ಲದೆ ಕೂತಿದ್ದವನಿಗೆ. ಒಬ್ಬರು ಹೊರಟರೆ ಮೂವರೋ ನಾಲ್ವರೋ ಮೇಲೇರುತ್ತಾರೆ.

ಹೀಗಾಗಿ ಪಟ್ಟಿ ಯಾವಾಗ ಕದಲುತ್ತದೆ ಎಂದು ತಿಳಿಯಲು ತನ್ನ ಪರೀಕ್ಷೆಯ ವೇಳಾಪಟ್ಟಿ ಒಂದನ್ನೇ ನೋಡಿದರೆ ಸಾಲದು, ಪಕ್ಕದ ಪರೀಕ್ಷೆಗಳದ್ದನ್ನೂ ನೋಡಬೇಕು. ಜೋಸಾ ಸುತ್ತುಗಳು ಸಾಮಾನ್ಯವಾಗಿ ಜೂನ್-ಜುಲೈನಲ್ಲಿ ಮುಗಿಯುತ್ತವೆ. ಆಗ ಐಐಟಿ, ಎನ್‌ಐಟಿಗೆ ಹೋಗುವವರು ರಾಜ್ಯದ ಸೀಟು ಬಿಡುತ್ತಾರೆ. ವೈದ್ಯಕೀಯ ಕೌನ್ಸೆಲಿಂಗ್ ಅದಕ್ಕಿಂತ ತಡವಾಗಿ ಶುರುವಾಗಿ ಮಳೆಗಾಲದ ಕೊನೆಯವರೆಗೂ ಎಳೆಯುವುದುಂಟು. ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಮೂಲವಿಜ್ಞಾನ ಸೀಟುಗಳಲ್ಲಿ ಕಾಣುವ ಎರಡನೆಯ ಅಲೆ ಅಲ್ಲಿಂದ ಬರುತ್ತದೆ. ಮೊದಲ ಸುತ್ತಿನ ಫಲಿತಾಂಶ ನೋಡಿ ಕೈಚೆಲ್ಲುವವರು ಈ ಎರಡನೆಯ ಅಲೆಯನ್ನು ಮರೆತಿರುತ್ತಾರೆ.

ಸೀಟು ಹಂಚಿಕೆಯ ಈ ಸಮಸ್ಯೆಯನ್ನು ಗಣಿತವಾಗಿ ಬಿಡಿಸಿದವರು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ. 1962ರಲ್ಲಿ ಅಮೆರಿಕದ ಗಣಿತ ಮಾಸಿಕವೊಂದರಲ್ಲಿ ಬಂದ ಅವರ ಪುಟ್ಟ ಪ್ರಬಂಧ ಆರಂಭವಾಗುವುದೇ ಕಾಲೇಜು ಪ್ರವೇಶದ ಗೊಂದಲದಿಂದ. ಎಷ್ಟು ಮಂದಿಗೆ ಸೀಟು ಕೊಟ್ಟರೆ ಎಷ್ಟು ಮಂದಿ ನಿಜಕ್ಕೂ ಬರುತ್ತಾರೆಂದು ಕಾಲೇಜಿಗೆ ಗೊತ್ತಿರುವುದಿಲ್ಲ. ಒಂದು ಕಡೆ ಸೀಟು, ಇನ್ನೊಂದು ಕಡೆ ಕಾಯುವ ಪಟ್ಟಿ ಎಂದಾದ ವಿದ್ಯಾರ್ಥಿಗೆ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ಅವರು ಸೂಚಿಸಿದ ವಿಧಾನದಲ್ಲಿ ಸೀಟನ್ನು ತಾತ್ಕಾಲಿಕವಾಗಿ ಹಿಡಿದಿಟ್ಟು, ಮೇಲಿನ ಆಯ್ಕೆ ಒದಗಿದಾಗ ಬಿಟ್ಟುಕೊಡುತ್ತಾ ಹೋಗಲಾಗುತ್ತದೆ. ಶಾಪ್ಲಿ ಈ ಕೆಲಸಕ್ಕಾಗಿ ಆಲ್ವಿನ್ ರಾತ್ ಜೊತೆ 2012ರ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಭಾರತದಲ್ಲಿ 2015ರಿಂದ ಐಐಟಿ ಮತ್ತು ಎನ್‌ಐಟಿಗಳು ಒಂದಾಗಿ ನಡೆಸುತ್ತಿರುವ ಸೀಟು ಹಂಚಿಕೆಯ ಅಡಿಪಾಯ ಇದೇ ವಿಧಾನ. ಅದಕ್ಕೂ ಮುಂಚೆ ಎರಡೂ ಬಗೆಯ ಸಂಸ್ಥೆಗಳು ಬೇರೆ ಬೇರೆ ಹಂಚುತ್ತಿದ್ದರಿಂದ ಒಬ್ಬನೇ ಎರಡು ಸೀಟು ಹಿಡಿದು, ಕೊನೆಗೆ ಬಿಟ್ಟದ್ದು ಖಾಲಿಯೇ ಉಳಿಯುತ್ತಿತ್ತು.

ಈ ವಿಧಾನದಿಂದ ಅಭ್ಯರ್ಥಿಗೆ ದಕ್ಕುವ ಪಾಠ ಒಂದಿದೆ: ಆಯ್ಕೆಗಳನ್ನು ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಬೇಕು. ‘ಅದು ಹೇಗೂ ಸಿಗುವುದಿಲ್ಲ, ಮೇಲೆ ಬರೆದು ಜಾಗ ಯಾಕೆ ಹಾಳುಮಾಡಲಿ’ ಎಂಬ ಲೆಕ್ಕಾಚಾರದಿಂದ ಲಾಭವಿಲ್ಲ. ಮೇಲಿನ ಆಯ್ಕೆ ಸಿಗದಿದ್ದರೆ ಕೆಳಗಿನದರ ಅವಕಾಶ ಒಂದಿಷ್ಟೂ ಕುಗ್ಗುವುದಿಲ್ಲ. ಸಿಗಬಹುದೆಂಬ ಅಂದಾಜಿನ ಮೇಲೆ ಸಾಧಾರಣ ಕಾಲೇಜನ್ನು ಮೊದಲು ಬರೆದವರಿಗೆ ಅದೇ ಸಿಕ್ಕು, ಕೆಳಗೆ ಬರೆದ ಒಳ್ಳೆಯ ಕಾಲೇಜು ತಾನಾಗಿಯೇ ಅಳಿಸಿಹೋಗುತ್ತದೆ.

ಕೇರಳ: ಪ್ರವೇಶ ಪರೀಕ್ಷಾ ಆಯುಕ್ತರ ಕಚೇರಿ

ಕೇರಳದಲ್ಲಿ ವೃತ್ತಿಶಿಕ್ಷಣದ ಸೀಟುಗಳನ್ನು ಹಂಚುವುದು ತಿರುವನಂತಪುರದ ಶಾಂತಿನಗರದಲ್ಲಿರುವ ಪ್ರವೇಶ ಪರೀಕ್ಷಾ ಆಯುಕ್ತರ ಕಚೇರಿ. ಎಂಜಿನಿಯರಿಂಗ್ ಮತ್ತು ಫಾರ್ಮಸಿಗೆ ಕಚೇರಿಯೇ ಕೀಮ್ ಪರೀಕ್ಷೆ ನಡೆಸುತ್ತದೆ. 2024ರಿಂದ ಅದು ಕಂಪ್ಯೂಟರಿನಲ್ಲಿ. ವೈದ್ಯಕೀಯಕ್ಕೆ ನೀಟ್ ಅಂಕದಿಂದ ರಾಜ್ಯದ ಪಟ್ಟಿ ತಯಾರಾಗುತ್ತದೆ.

ಕ್ರಮ ಹೀಗಿದೆ. ರ‍್ಯಾಂಕ್ ಬಂದ ಮೇಲೆ ಆಯ್ಕೆಗಳನ್ನು ದಾಖಲಿಸಬೇಕು. ಪ್ರಾಯೋಗಿಕ ಹಂಚಿಕೆಯೊಂದು ಪ್ರಕಟವಾಗುತ್ತದೆ. ಅದನ್ನು ನೋಡಿ ಕ್ರಮ ತಿದ್ದಿಕೊಳ್ಳಲು ಕೆಲವು ದಿನ ಸಿಗುತ್ತದೆ. ಆಮೇಲೆ ಮೊದಲ ಹಂತ. ಒಬ್ಬನಿಗೆ ಐದನೆಯ ಆಯ್ಕೆ ಸಿಕ್ಕಿತೆನ್ನಿ. ಆರರಿಂದ ಕೆಳಗಿನವೆಲ್ಲ ಆ ಕ್ಷಣವೇ ರದ್ದು. ಒಂದರಿಂದ ನಾಲ್ಕರವರೆಗಿನವು ಜೀವಂತವಾಗಿರುತ್ತವೆ, ಆದರೆ ತಾನಾಗಿ ಅಲ್ಲ. ಸಿಕ್ಕ ಸೀಟಿನ ಶುಲ್ಕವನ್ನು ಗಡುವಿನೊಳಗೆ ಕಟ್ಟಬೇಕು. ಮುಂದಿನ ಹಂತಕ್ಕೆ ಮುನ್ನ ಅಭ್ಯರ್ಥಿಯ ಪುಟಕ್ಕೆ ಮತ್ತೆ ಹೋಗಿ, ಉಳಿದ ಮೇಲಿನ ಆಯ್ಕೆಗಳು ಬೇಕೆಂದು ದೃಢೀಕರಿಸಬೇಕು. ಶುಲ್ಕ ಕಟ್ಟದಿದ್ದರೆ ಸಿಕ್ಕ ಸೀಟಿನ ಜೊತೆಗೆ ಆ ವಿಭಾಗದ ಮೇಲಿನ ಆಯ್ಕೆಗಳೂ ಹೋಗುತ್ತವೆ.

‘ಈ ಸೀಟು ನನಗೆ ಬೇಡ, ಮುಂದಿನ ಸುತ್ತಿನಲ್ಲಿ ಒಳ್ಳೆಯದು ಬರುತ್ತದೆ’ ಎಂದು ಶುಲ್ಕ ಕಟ್ಟದೆ ಕೂತವರು ಅಲ್ಲಿಗೆ ಸಾಲಿನಿಂದ ಹೊರಗೆ. ಕೇರಳದಲ್ಲಿ ಮೇಲೇರಲು ಕಾಯಬೇಕಾದರೆ ಸಿಕ್ಕದ್ದನ್ನು ಹಿಡಿದುಕೊಂಡೇ ಕಾಯಬೇಕು. ಸೀಟುಗಳು ಪೋಲಾಗದಿರಲು ಈ ನಿಯಮ ಬೇಕು ಎಂಬುದು ನಿಜ. ಆದರೆ ಶುಲ್ಕದ ಹಣ ಎರಡು ಮೂರು ದಿನದಲ್ಲಿ ಹೊಂದದ ಮನೆಗಳಿಗೆ ಇದು ಬಹಳ ಕಠಿಣವಾದ ನಿಯಮ. ಆಯ್ಕೆ ಬರೆಯುವ ಹೊತ್ತಿಗೇ ಹಣದ ಏರ್ಪಾಡೂ ಆಗಿರಬೇಕು. ಸಿಕ್ಕರೂ ಸೇರಲಾರೆ ಎನ್ನುವಷ್ಟು ದುಬಾರಿ ಕಾಲೇಜನ್ನು ಪಟ್ಟಿಯಲ್ಲಿ ಬರೆಯಲೇಬಾರದು; ಅದು ಸಿಕ್ಕರೆ ಕೆಳಗಿನ ಸರ್ಕಾರಿ ಕಾಲೇಜುಗಳೆಲ್ಲ ಅಳಿಸಿಹೋಗುತ್ತವೆ.

ಆಯುಕ್ತರ ಕಚೇರಿ ಪ್ರತಿ ಹಂತದ ನಂತರ ಪ್ರತಿ ಕಾಲೇಜು, ವಿಭಾಗ, ಮೀಸಲಾತಿ ವರ್ಗಕ್ಕೆ ಸಿಕ್ಕ ಕೊನೆಯ ರ‍್ಯಾಂಕನ್ನು ಪ್ರಕಟಿಸುತ್ತದೆ. ಕಾಯುವವರಿಗೆ ಇದಕ್ಕಿಂತ ಉಪಯುಕ್ತ ಕಾಗದ ಇನ್ನೊಂದಿಲ್ಲ. ಹಿಂದಿನ ವರ್ಷದ ಕೊನೆಯ ಹಂತದ ಅಂಕಿಯನ್ನಷ್ಟೇ ನೋಡಿದರೆ ಸಾಲದು. ಮೊದಲ ಹಂತದ ಕೊನೆಯ ರ‍್ಯಾಂಕಿಗೂ ಅಂತಿಮ ಹಂತದ ಕೊನೆಯ ರ‍್ಯಾಂಕಿಗೂ ನಡುವಿನ ಅಂತರವನ್ನು ಎರಡು ಮೂರು ವರ್ಷಕ್ಕೆ ತೆಗೆದು ನೋಡಿದರೆ ಆ ವಿಭಾಗ ಎಷ್ಟು ಕದಲುತ್ತದೆಂದು ಗೊತ್ತಾಗುತ್ತದೆ. ಹಾಗೆ ನೋಡುವಾಗ ತನ್ನ ವರ್ಗದ ಕಾಲಮ್ಮನ್ನೇ ನೋಡಬೇಕು.

2025ರಲ್ಲಿ ರ‍್ಯಾಂಕ್ ಪಟ್ಟಿಯೇ ಬದಲಾಯಿತು. ಕೀಮ್ ಎಂಜಿನಿಯರಿಂಗ್ ರ‍್ಯಾಂಕಿಗೆ ಪ್ರವೇಶ ಪರೀಕ್ಷೆಯ ಅಂಕದ ಜೊತೆ ಪ್ಲಸ್ ಟು (ಹನ್ನೆರಡನೆಯ ತರಗತಿ) ಅಂಕವೂ ಸೇರುತ್ತದೆ. ಪ್ಲಸ್ ಟು ಅಂಕ ಲೆಕ್ಕ ಹಾಕುವ ಸೂತ್ರವನ್ನು ಸರ್ಕಾರ ಆ ವರ್ಷ ಬದಲಿಸಿತು. ಫಲಿತಾಂಶ ಪ್ರಕಟವಾದ ಮೇಲೆ, ಜುಲೈ ತಿಂಗಳಲ್ಲಿ, ಕೇರಳ ಹೈಕೋರ್ಟ್ ಹೊಸ ಸೂತ್ರವನ್ನು ರದ್ದುಮಾಡಿತು. ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಳೆಯ ಸೂತ್ರದಂತೆ ಹೊಸ ಪಟ್ಟಿ ಬಂದಾಗ ಮೇಲಿದ್ದ ಹಲವರು ಕೆಳಗಿಳಿದರು, ಕೆಳಗಿದ್ದ ಹಲವರು ಮೇಲೇರಿದರು. ಸುಪ್ರೀಂ ಕೋರ್ಟ್ ಆ ವರ್ಷದ ಪ್ರವೇಶದಲ್ಲಿ ಕೈಹಾಕಲಿಲ್ಲ. ಮೊದಲ ರ‍್ಯಾಂಕನ್ನು ನಂಬಿ ಬೇರೆ ರಾಜ್ಯದ ಸೀಟು ಬಿಟ್ಟುಕೊಟ್ಟವರಿಗೆ ಇದು ದೊಡ್ಡ ಪೆಟ್ಟು. ಕಾಲೇಜಿಗೆ ಸೇರಿ ಆಗುವವರೆಗೆ ಕೈಯಲ್ಲಿರುವ ಯಾವ ಸೀಟನ್ನೂ ಅವಸರದಿಂದ ಬಿಡಬಾರದು.

ವಲ್ಲಾರ್ಪಾಡಂನಿಂದ ನೋಡಿದರೆ

ಈ ನಿಯಮಗಳು ಒಂದು ಊರಿನ ಮಕ್ಕಳಿಗೆ ಹೇಗೆ ಅನ್ವಯಿಸುತ್ತವೆಂದು ನೋಡೋಣ. ಕೊಚ್ಚಿಯ ಹಿನ್ನೀರಿನ ನಡುವೆ ಇರುವ ವಲ್ಲಾರ್ಪಾಡಂ ಮುಳವುಕಾಡ್ ಪಂಚಾಯಿತಿಗೆ ಸೇರಿದ ದ್ವೀಪ. ಹೊರಗಿನವರಿಗೆ ಅದು ಗೊತ್ತಿರುವುದು ವಲ್ಲಾರ್ಪಾಡತ್ತಮ್ಮ ಎಂದು ಜನ ಕರೆಯುವ ಮಾತೆಯ ಬೆಸಿಲಿಕಾದಿಂದ, ಮತ್ತು 2011ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಕಂಟೇನರ್ ಟರ್ಮಿನಲ್‌ನಿಂದ. 2004ರಲ್ಲಿ ಗೋಶ್ರೀ ಸೇತುವೆಗಳು ಬರುವವರೆಗೆ ಎರ್ನಾಕುಳಂ ತಲುಪಲು ದೋಣಿಯೇ ಗತಿ. ಈಗ ಟರ್ಮಿನಲ್‌ಗಾಗಿ ಹಾಕಿದ ಕಂಟೇನರ್ ರಸ್ತೆ ದ್ವೀಪವನ್ನು ನೇರವಾಗಿ ಕಳಮಶ್ಶೇರಿಗೆ ಜೋಡಿಸಿದೆ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವೂ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ನುವಾಲ್ಸ್ ಕೂಡ ಇರುವುದು ಕಳಮಶ್ಶೇರಿಯಲ್ಲಿ. ಬೆಳಿಗ್ಗೆ ಕರೆ ಬಂದರೆ ಅದೇ ದಿನ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕಾದ ಸ್ಪಾಟ್ ಅಡ್ಮಿಷನ್ ಕಾಲದಲ್ಲಿ ಈ ರಸ್ತೆಯ ಬೆಲೆ ತಿಳಿಯುತ್ತದೆ.

ಈ ದ್ವೀಪಗಳಲ್ಲಿ ಲ್ಯಾಟಿನ್ ಕ್ಯಾಥೊಲಿಕ್ ಕುಟುಂಬಗಳು ಬಹಳ. ಕೇರಳದ ಎಂಜಿನಿಯರಿಂಗ್ ಹಂಚಿಕೆಯಲ್ಲಿ ಶೇ 50 ರಾಜ್ಯ ಮೆರಿಟ್, ಶೇ 10 ಆರ್ಥಿಕವಾಗಿ ಹಿಂದುಳಿದವರಿಗೆ, ಶೇ 8 ಪರಿಶಿಷ್ಟ ಜಾತಿಗೆ, ಶೇ 2 ಪರಿಶಿಷ್ಟ ಪಂಗಡಕ್ಕೆ. ಉಳಿದ ಶೇ 30 ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರಿಗೆ. ಆ ಮೂವತ್ತರೊಳಗೆ ಲ್ಯಾಟಿನ್ ಕ್ಯಾಥೊಲಿಕ್ ಮತ್ತು ಆಂಗ್ಲೋ ಇಂಡಿಯನ್ನರಿಗೆ 3, ಮೀನುಗಾರ ಧೀವರರಿಗೆ 2, ಕೊಂಕಣಿ ಮಾತಾಡುವ ಕುಡುಂಬಿಗಳಿಗೆ 1. ಅಂದರೆ ಇಲ್ಲಿನ ಹುಡುಗಿ ಒಂದೇ ಹೊತ್ತಿಗೆ ಎರಡು ಸಾಲುಗಳಲ್ಲಿ ನಿಂತಿರುತ್ತಾಳೆ: ರಾಜ್ಯ ಮೆರಿಟ್ ಸಾಲು ಮತ್ತು ಸಮುದಾಯದ ಸಾಲು. ಎರಡನೆಯ ಸಾಲು ಚಿಕ್ಕದು; ಅಲ್ಲಿ ಒಂದು ಸೀಟು ತೆರವಾದರೆ ರ‍್ಯಾಂಕ್ ಬಹಳ ಕೆಳಗಿನವರೆಗೂ ಜಿಗಿಯಬಹುದು.

ಆದರೆ ಆ ಸಾಲಿನಲ್ಲಿ ನಿಲ್ಲಲು ಸಮುದಾಯದ ದಾಖಲೆ ಮತ್ತು ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರ ಬೇಕು. ರಾಜ್ಯದ ಪ್ರವೇಶಗಳಿಗೆ ಇದನ್ನು ಗ್ರಾಮ ಕಚೇರಿ ಕೊಡುತ್ತದೆ; ಅರ್ಜಿಯನ್ನು ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಿಂದ ಹಾಕಬಹುದು. ಜೆಇಇ, ನೀಟ್‌ನ ಅಖಿಲ ಭಾರತ ಸೀಟುಗಳಿಗೆ ಬೇಕಾದ ಒಬಿಸಿ ಪ್ರಮಾಣಪತ್ರದ ನಮೂನೆ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದ ಅರ್ಜಿ ಸಾಮಾನ್ಯ ವರ್ಗಕ್ಕೆ ಬಿದ್ದುಹೋಗುತ್ತದೆ. ಕೀಮ್‌ನಲ್ಲಿ ದಾಖಲೆಯ ದೋಷವಿದ್ದರೆ ಅಭ್ಯರ್ಥಿಯ ಪುಟದಲ್ಲಿ ಮೆಮೊ ಕಾಣಿಸುತ್ತದೆ. ಅದನ್ನು ಸರಿಪಡಿಸುವ ಗಡುವು ರ‍್ಯಾಂಕ್ ಬರುವ ಮುಂಚೆಯೇ ಮುಗಿಯುವುದರಿಂದ, ಪರೀಕ್ಷೆ ಬರೆದ ಮೇಲೆ ಪುಟ ತೆರೆದೇ ನೋಡದವರು ಸೋಲುತ್ತಾರೆ. ಕಾಯುವ ಪಟ್ಟಿಯಲ್ಲಿ ಮೇಲೇರಲು ಇರುವ ಅತಿ ದೊಡ್ಡ ದಾರಿ ಎಷ್ಟೋ ಮಂದಿಗೆ ಏಪ್ರಿಲ್‌ನಲ್ಲಿ ಕೈಗೆ ಬರಬೇಕಾದ ಈ ಒಂದು ಹಾಳೆ. ಪರಿಶಿಷ್ಟ ಜಾತಿ, ಪಂಗಡದ ಸೀಟುಗಳು ತುಂಬದೆ ಉಳಿದರೆ ಅವು ಕ್ರಮವಾಗಿ ಇತರ ಅರ್ಹ ಸಮುದಾಯಗಳಿಗೂ ಆಮೇಲೆ ರಾಜ್ಯ ಮೆರಿಟ್‌ಗೂ ಹೋಗುತ್ತವೆ. ಕೊನೆಯ ಹಂತದಲ್ಲಿ ಮೆರಿಟ್ ಸಾಲು ಕದಲಲು ಇದೂ ಒಂದು ಕಾರಣ.

ದ್ವೀಪದ ಮಕ್ಕಳು ಸರದಿಯ ಲೆಕ್ಕವನ್ನು ಮೊದಲು ಕಲಿಯುವುದು ಇದಕ್ಕೂ ಎರಡು ವರ್ಷ ಮುಂಚೆ, ಪ್ಲಸ್ ಒನ್ ಪ್ರವೇಶದಲ್ಲಿ. ಅಲ್ಲಿ ಏಕಗವಾಕ್ಷಿ ಹಂಚಿಕೆಯಿದೆ. ಮೊದಲ ಆಯ್ಕೆ ಸಿಕ್ಕವರು ಕಾಯಂ ಆಗಿ ಸೇರಬೇಕು; ಕೆಳಗಿನದು ಸಿಕ್ಕವರು ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. ಮುಖ್ಯ ಹಂತಗಳಲ್ಲಿ ಏನೂ ಸಿಗದವರು ಪೂರಕ ಹಂಚಿಕೆಗೆ ತಮ್ಮ ಅರ್ಜಿಯನ್ನು ನವೀಕರಿಸಲೇಬೇಕು. ಹಳೆಯ ಅರ್ಜಿ ತಾನೇ ಮುಂದುವರಿಯುತ್ತದೆ ಎಂದು ತಿಳಿದು ಮನೆಯಲ್ಲಿ ಕೂತವರಿಗೆ ಸರದಿಯೇ ಇರುವುದಿಲ್ಲ. ಸೀಟಿನ ಕೊರತೆ ತೀವ್ರವಾಗಿರುವ ಮಲಪ್ಪುರಂ ಜಿಲ್ಲೆಯಲ್ಲಿ ಈ ನವೀಕರಣದ ದಿನಗಳು ಸಾವಿರಾರು ಮನೆಗಳ ಆತಂಕದ ದಿನಗಳು.

ತಮ್ಮದೇ ಪಟ್ಟಿ ಇಟ್ಟುಕೊಂಡಿರುವ ಸಂಸ್ಥೆಗಳು

ಕೊಚ್ಚಿ ವಿಶ್ವವಿದ್ಯಾಲಯ ಸ್ವಂತ ಪರೀಕ್ಷೆಯಿಂದ ಹಂಚಿಕೆ ಮಾಡಿ, ಉಳಿದ ಸೀಟಿಗೆ ಸ್ಪಾಟ್ ಅಡ್ಮಿಷನ್ ನಡೆಸುತ್ತದೆ. ಅಲ್ಲಿ ಹಾಜರಿದ್ದವರಲ್ಲಿ ಮೇಲಿನ ರ‍್ಯಾಂಕಿಗೆ ಸೀಟು. ರ‍್ಯಾಂಕ್ ಮೇಲಿದ್ದರೂ ಬಾರದವರನ್ನು ಕಾಯುವುದಿಲ್ಲ. ಬರುವಾಗ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಕಟ್ಟಬೇಕಾದ ಶುಲ್ಕ ಎಲ್ಲವೂ ಜೊತೆಗಿರಬೇಕು. ಮೂಲ ದಾಖಲೆಗಳು ಇನ್ನೊಂದು ಕಾಲೇಜಿನಲ್ಲಿ ಇದ್ದರೆ ಇಲ್ಲೇ ತೊಡಕು. ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಆದೇಶಿಸಿದೆ. ಅದನ್ನು ತೋರಿಸಿ ಕೇಳುವ ಹಕ್ಕು ವಿದ್ಯಾರ್ಥಿಗಿದೆ.

ನುವಾಲ್ಸ್‌ಗೆ ಸೀಟು ಸಿಗುವುದು ಕ್ಲ್ಯಾಟ್‌ನಿಂದ. ಅಲ್ಲಿ ಸೀಟು ಸಿಕ್ಕವರು ಫ್ರೀಜ್ ಎಂದರೆ ಅಲ್ಲೇ ನಿಂತಂತೆ, ಫ್ಲೋಟ್ ಎಂದರೆ ಸೀಟು ಕೈಯಲ್ಲಿಟ್ಟುಕೊಂಡು ಮೇಲಿನದಕ್ಕೆ ಕಾದಂತೆ, ಎಕ್ಸಿಟ್ ಎಂದರೆ ಹೊರಬಿದ್ದಂತೆ. ಜೋಸಾದಲ್ಲಿ ಫ್ರೀಜ್, ಫ್ಲೋಟ್ ಜೊತೆಗೆ ಸ್ಲೈಡ್ ಇದೆ. ಅದರಲ್ಲಿ ಕಾಲೇಜು ಅದೇ, ವಿಭಾಗ ಮಾತ್ರ ಮೇಲೇರಬಹುದು. ಜೋಸಾ ಮುಗಿದ ಮೇಲೆ ಎನ್‌ಐಟಿಗಳಲ್ಲಿ ಉಳಿದ ಸೀಟಿಗೆ ಸಿಸ್ಯಾಬ್ ವಿಶೇಷ ಸುತ್ತುಗಳು ನಡೆಯುತ್ತವೆ. ತಿರುವನಂತಪುರದ ಬಳಿ ವಲಿಯಮಲದಲ್ಲಿರುವ ಬಾಹ್ಯಾಕಾಶ ಸಂಸ್ಥೆ ಐಐಎಸ್‌ಟಿ ಮಾತ್ರ ಜೋಸಾಕ್ಕೆ ಸೇರಿಲ್ಲ. ಜೆಇಇ ಅಡ್ವಾನ್ಸ್‌ಡ್ ರ‍್ಯಾಂಕ್ ಇದ್ದರೂ ಅಲ್ಲಿಗೆ ಪ್ರತ್ಯೇಕವಾಗಿ ನೋಂದಾಯಿಸಬೇಕು. ವಿತುರದ ಐಸರ್‌ಗೂ ಅರ್ಜಿ, ಪರೀಕ್ಷೆ ಎರಡೂ ಬೇರೆ. ಈ ಬೇರೆ ಬೇರೆ ಬಾಗಿಲುಗಳನ್ನು ಮೊದಲೇ ತಟ್ಟಿಟ್ಟವರಿಗೆ ಸರದಿ ಹೆಚ್ಚು.

ಮಹಾರಾಜಾಸ್, ಸೇಂಟ್ ತೆರೇಸಾಸ್, ತೇವರದ ಸೇಕ್ರೆಡ್ ಹಾರ್ಟ್ ಮುಂತಾದ ಎರ್ನಾಕುಳಂನ ಸ್ವಾಯತ್ತ ಕಾಲೇಜುಗಳು ಪದವಿ ತರಗತಿಗಳಿಗೆ ತಾವೇ ರ‍್ಯಾಂಕ್ ಪಟ್ಟಿ ಹಾಕುತ್ತವೆ. ವಿಶ್ವವಿದ್ಯಾಲಯದ ಕೇಂದ್ರ ಹಂಚಿಕೆಗೆ ಹಾಕಿದ ಅರ್ಜಿ ಇವುಗಳಿಗೆ ಸಲ್ಲದು. ಪ್ರತಿ ಕಾಲೇಜಿಗೂ ಬೇರೆ ಅರ್ಜಿ ಬೇಕು.

ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳು ಮತ್ತು ಕರ್ನಾಟಕದ ಸಿಇಟಿ

ಕೇರಳದಲ್ಲಿ ಸೀಟಿಗೆ ಕಾಯುವ ಕನ್ನಡ ವಿದ್ಯಾರ್ಥಿಗಳಿಗೆ ಇನ್ನೊಂದು ದಾರಿಯಿದೆ. ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲ್ಲೂಕುಗಳಲ್ಲಿ ನೆಲೆಸಿದ, ಕನ್ನಡ, ತುಳು ಅಥವಾ ಕೊಡವ ಮನೆಮಾತಿನ ವಿದ್ಯಾರ್ಥಿಗಳು ಗಡಿನಾಡ ಕನ್ನಡಿಗರೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಬರೆದು ಕರ್ನಾಟಕದ ಸರ್ಕಾರಿ ಕೋಟಾ ಸೀಟಿಗೆ ಅರ್ಹರಾಗಬಹುದು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ಕಡೆಯವರಿಗೂ, ಹೊರನಾಡ ಕನ್ನಡಿಗರಿಗೂ ಇಂಥ ಅವಕಾಶವಿದೆ. ಇದಕ್ಕೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸಿಇಟಿ ಚೆನ್ನಾಗಿ ಬರೆದು ಭಾಷಾ ಪರೀಕ್ಷೆಗೆ ಹೋಗದವರಿಗೆ ಆ ಅರ್ಹತೆ ಸಿಗುವುದಿಲ್ಲ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಿಗೆ ಈ ಪರೀಕ್ಷೆ ಕಷ್ಟವಲ್ಲ. ಅರ್ಜಿಯಲ್ಲಿ ಸರಿಯಾದ ಕಲಮನ್ನು ಗುರುತಿಸುವುದೇ ಮುಖ್ಯ.

ಎನ್‌ಐಟಿಗಳ ಲೆಕ್ಕ ಬೇರೆ. ಅಲ್ಲಿ ಅರ್ಧ ಸೀಟುಗಳು ತವರು ರಾಜ್ಯದವರಿಗೆ, ಮತ್ತು ತವರು ರಾಜ್ಯವೆಂದರೆ ಹನ್ನೆರಡನೆಯ ತರಗತಿ ಪಾಸಾದ ರಾಜ್ಯ. ಕುಂಬಳೆಯ ಹುಡುಗ ಮಂಗಳೂರಿನಲ್ಲಿ ಪಿಯುಸಿ ಓದಿದರೆ ಸುರತ್ಕಲ್‌ನಲ್ಲಿ ತವರಿನವ, ಕಲ್ಲಿಕೋಟೆಯಲ್ಲಿ ಹೊರಗಿನವ. ಕಾಸರಗೋಡಿನಲ್ಲೇ ಪ್ಲಸ್ ಟು ಓದಿದರೆ ಇದು ತಿರುಗುಮುರುಗು. ಹತ್ತನೆಯ ತರಗತಿ ಮುಗಿದಾಗ ಮಾಡುವ ತೀರ್ಮಾನ ಎರಡು ವರ್ಷದ ನಂತರದ ಸರದಿಯನ್ನು ನಿರ್ಧರಿಸುತ್ತದೆ, ಮತ್ತು ಗಡಿಯ ಎಷ್ಟೋ ಮನೆಗಳಿಗೆ ಇದು ಗೊತ್ತಾಗುವುದು ತಡವಾಗಿ.

ಬೆಂಗಳೂರಿನ ಮಲ್ಲೇಶ್ವರಂನಲ್ಲಿರುವ ಪ್ರಾಧಿಕಾರ ಸೀಟು ಸಿಕ್ಕವರ ಮುಂದೆ ನಾಲ್ಕು ಚಾಯ್ಸ್ ಇಡುತ್ತದೆ. ಒಂದನೆಯದರಲ್ಲಿ ಸೀಟು ಒಪ್ಪಿ ಕಾಲೇಜಿಗೆ ಸೇರುವುದು. ಎರಡನೆಯದರಲ್ಲಿ ಸೀಟು ಇಟ್ಟುಕೊಂಡೇ ಮೇಲಿನ ಆಯ್ಕೆಗೆ ಮುಂದಿನ ಸುತ್ತಿಗೆ ಹೋಗುವುದು. ಮೂರನೆಯದರಲ್ಲಿ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದರಲ್ಲಿ ಪೂರ್ತಿ ಹೊರಬೀಳುವುದು. ಕಾಯುವವರಿಗೆ ಎರಡನೆಯದೇ ಸುರಕ್ಷಿತ. ಆದರೆ ಅದರಲ್ಲಿ ಒಂದು ಎಚ್ಚರ ಬೇಕು: ಮೇಲಿನ ಆಯ್ಕೆ ಸಿಕ್ಕ ಕೂಡಲೇ ಕೈಯಲ್ಲಿದ್ದದ್ದು ತಾನಾಗಿ ರದ್ದಾಗುತ್ತದೆ, ಮರಳಿ ಕೇಳುವಂತಿಲ್ಲ. ಆದ್ದರಿಂದ ಮುಂದಿನ ಸುತ್ತಿಗೆ ಹೋಗುವ ಮುನ್ನ, ಈಗಿರುವ ಸೀಟಿಗಿಂತ ನಿಜವಾಗಿ ಮೇಲೆನಿಸದ ಎಲ್ಲ ಆಯ್ಕೆಗಳನ್ನೂ ತೆಗೆದುಹಾಕಬೇಕು. ಮೂರನೆಯದು ಯಾವ ಕಾರಣಕ್ಕೂ ಆ ಸೀಟಿಗೆ ಸೇರಲಾರದವರಿಗೆ ಮಾತ್ರ. ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5 ಮೀಸಲಾತಿಗಳೂ ಇಲ್ಲಿ ಪ್ರತ್ಯೇಕ ಸಾಲುಗಳೇ. ಶಾಲೆಯಿಂದ ತರುವ ವ್ಯಾಸಂಗ ಪ್ರಮಾಣಪತ್ರದಲ್ಲಿ ಒಂದು ವರ್ಷ ಬಿಟ್ಟುಹೋದರೂ ಆ ಸಾಲು ತಪ್ಪುತ್ತದೆ.

ಗಡುವು ಮತ್ತು ಹಣ

2024ರಲ್ಲಿ ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ದಲಿತ ಕೂಲಿಕಾರರೊಬ್ಬರ ಮಗನಿಗೆ ಐಐಟಿ ಧನಬಾದ್‌ನಲ್ಲಿ ಎಲೆಕ್ಟ್ರಿಕಲ್ ಸೀಟು ಸಿಕ್ಕಿತು. ಸೀಟು ಒಪ್ಪಿಕೊಳ್ಳಲು ₹17,500 ಕಟ್ಟಬೇಕಿತ್ತು. ಗಡುವು ಜೂನ್ 24ರ ಸಂಜೆ 5 ಗಂಟೆ. ಊರವರಿಂದ ಹಣ ಕೂಡಿಸಿ ದಾಖಲೆ ಏರಿಸುವ ಹೊತ್ತಿಗೆ ಪುಟ ಮುಚ್ಚಿಕೊಂಡಿತು. ಆ ಹುಡುಗ ಕಾನೂನು ಸೇವಾ ಪ್ರಾಧಿಕಾರಕ್ಕೆ, ಮದ್ರಾಸ್ ಹೈಕೋರ್ಟಿಗೆ, ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದ. ಸೆಪ್ಟೆಂಬರ್ 30ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಸಂವಿಧಾನದ 142ನೆಯ ವಿಧಿಯಡಿ ಅವನಿಗೆ ಹೆಚ್ಚುವರಿ ಸೀಟು ಕೊಡಿಸಿತು. ನ್ಯಾಯ ಸಿಕ್ಕಿತು, ಆದರೆ ಮೂರು ತಿಂಗಳು ಹಿಡಿಯಿತು. ಗಡುವಿನ ಹಿಂದಿನ ದಿನವೇ ಹಣ ಖಾತೆಯಲ್ಲಿರಬೇಕು, ದಾಖಲೆಗಳು ಸ್ಕ್ಯಾನ್ ಆಗಿ ಸಿದ್ಧವಿರಬೇಕು ಎಂದು ಹಿರಿಯರು ಹೇಳುವುದು ಇದಕ್ಕೇ.

ಕಾಯುವ ಹೊತ್ತಿನಲ್ಲಿ ಬೇರೆಡೆ ಕಟ್ಟಿದ ಶುಲ್ಕ ಮುಳುಗಿತೆಂದು ಹೆದರಿ ಒಳ್ಳೆಯ ಸೀಟನ್ನು ಬಿಡುವವರೂ ಇದ್ದಾರೆ. 2024-25ನೇ ಸಾಲಿಗೆ ಯುಜಿಸಿ ಹೊರಡಿಸಿದ ಸೂಚನೆಯ ಪ್ರಕಾರ ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿದರೆ ಪೂರ್ತಿ ಶುಲ್ಕ ವಾಪಸ್. ಅಕ್ಟೋಬರ್ 31ರೊಳಗಾದರೆ ಹೆಚ್ಚೆಂದರೆ ₹1,000 ಕಡಿತ. ಪ್ರತಿ ವರ್ಷದ ದಿನಾಂಕ ಬೇರೆಯಾಗಬಹುದಾದ್ದರಿಂದ ಆ ವರ್ಷದ ಸೂಚನೆಯನ್ನೇ ನೋಡಬೇಕು. ವೈದ್ಯಕೀಯದಲ್ಲಿ ನಿಯಮ ಬಿಗಿ: ಮುಂದಿನ ಸುತ್ತುಗಳಲ್ಲಿ ಸೇರಿದವರು ಬಿಟ್ಟರೆ ಠೇವಣಿ ಹೋಗುತ್ತದೆ, ಕೊನೆಯ ಸುತ್ತುಗಳಿಂದ ಹೊರಗುಳಿಯಬೇಕಾಗುತ್ತದೆ.

ಹೊರದೇಶಗಳಲ್ಲಿ

ಅಮೆರಿಕದ ಕಾಲೇಜುಗಳು ಪಟ್ಟಿಯಲ್ಲಿರಲು ಒಪ್ಪಿಗೆ ಕೇಳುತ್ತವೆ. ಉತ್ತರಿಸದವರ ಹೆಸರು ಇರುವುದಿಲ್ಲ. ಮೇ 1ರೊಳಗೆ ಇನ್ನೊಂದು ಕಾಲೇಜಿಗೆ ಠೇವಣಿ ಕಟ್ಟಿ ಜಾಗ ಉಳಿಸಿಕೊಂಡು, ಕಾಯುತ್ತಿರುವ ಕಾಲೇಜಿಗೆ ಒಂದೇ ಒಂದು ಚಿಕ್ಕ ಪತ್ರ ಬರೆಯುವುದು ವಾಡಿಕೆ. ಅರ್ಜಿಯ ನಂತರ ಬಂದ ಅಂಕ ಅಥವಾ ಸಾಧನೆ, ಆ ಕಾಲೇಜೇ ಏಕೆ ಬೇಕೆಂಬ ನಿರ್ದಿಷ್ಟ ಕಾರಣ, ಸೀಟು ಕೊಟ್ಟರೆ ಬಂದೇ ಬರುತ್ತೇನೆಂಬ ಮಾತು ಅದರಲ್ಲಿರಬೇಕು. ಹಲವು ಕಾಲೇಜುಗಳು ಎಷ್ಟು ಮಂದಿಯನ್ನು ಪಟ್ಟಿಯಲ್ಲಿಟ್ಟವು, ಎಷ್ಟು ಮಂದಿಗೆ ಸೀಟು ಕೊಟ್ಟವು ಎಂಬುದನ್ನು ಪ್ರತಿ ವರ್ಷ ಪ್ರಕಟಿಸುತ್ತವೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಪತ್ರಕ್ಕೆ ಕೂರುವ ಮುನ್ನ ಆ ಅಂಕಿಗಳನ್ನು ನೋಡಿಕೊಂಡರೆ ಆಸೆಗೆ ಒಂದು ಅಳತೆ ಸಿಗುತ್ತದೆ.

ಫ್ರಾನ್ಸ್‌ನ ಪಾರ್ಕೂರ್‌ಸುಪ್ ಎಂಬ ವ್ಯವಸ್ಥೆ 2018ರಲ್ಲಿ ಬಂತು. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಾಯುವ ಪಟ್ಟಿಯಲ್ಲಿ ತನ್ನ ಸ್ಥಾನ ಎಷ್ಟನೆಯದು, ಹಿಂದಿನ ವರ್ಷ ಎಷ್ಟನೆಯವರವರೆಗೆ ಕರೆದರು ಎಂಬುದು ಕಾಣುತ್ತದೆ. ನಮ್ಮ ಕೌನ್ಸೆಲಿಂಗ್‌ಗಳಲ್ಲೂ ಇದನ್ನು ಮಾಡಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ, ಮಾಡಬೇಕು. ಜರ್ಮನಿಯಲ್ಲಿ ಕಾದ ವರ್ಷಗಳೇ ಅರ್ಹತೆಯಾಗಿದ್ದವು: ವೈದ್ಯಕೀಯ ಸೀಟುಗಳ ಒಂದು ಪಾಲು ಹೆಚ್ಚು ಕಾಲ ಕಾದವರಿಗೆ. ಕಾಯುವ ಅವಧಿ ಏಳು ವರ್ಷ ಮುಟ್ಟಿದಾಗ ವಿಷಯ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. 2017ರ ಡಿಸೆಂಬರ್ 19ರ ತೀರ್ಪಿನ ನಂತರ ವ್ಯವಸ್ಥೆ ಬದಲಾಗಿ, 2020ರಿಂದ ಆ ಪಾಲು ಇಲ್ಲವಾಯಿತು.

ಸೀಟು ತಡೆ, ಮಧ್ಯವರ್ತಿಗಳು, ನ್ಯಾಯಾಲಯ

ಕಾಯುವವರ ಸರದಿಯನ್ನು ಕದಿಯುವ ಕೆಲಸವೂ ನಡೆಯುತ್ತದೆ. ಸೇರುವ ಉದ್ದೇಶವೇ ಇಲ್ಲದವರ ಹೆಸರಿನಲ್ಲಿ ಸೀಟು ಹಿಡಿಸಿ, ಕೊನೆಯ ಸುತ್ತಿನ ನಂತರ ಬಿಡಿಸಿ, ಆಡಳಿತ ಮಂಡಳಿಯ ಸೀಟಾಗಿ ಮಾರುವುದಕ್ಕೆ ಸೀಟ್ ಬ್ಲಾಕಿಂಗ್ ಎನ್ನುತ್ತಾರೆ. 2024ರ ನವೆಂಬರಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ದೂರಿನ ಮೇಲೆ ಮಲ್ಲೇಶ್ವರಂ ಪೊಲೀಸರು ಎಂಜಿನಿಯರಿಂಗ್ ಸೀಟು ತಡೆಯ ಪ್ರಕರಣ ದಾಖಲಿಸಿದರು. ವೈದ್ಯಕೀಯ ಸ್ನಾತಕೋತ್ತರ ಸೀಟುಗಳ ವಿಷಯದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳ ಕೌನ್ಸೆಲಿಂಗ್ ಒಂದೇ ವೇಳಾಪಟ್ಟಿಗೆ ಬರಬೇಕು, ಶುಲ್ಕವನ್ನು ಮೊದಲೇ ಪ್ರಕಟಿಸಬೇಕು, ಸೀಟು ತಡೆಯುವವರಿಗೆ ಶಿಕ್ಷೆಯಾಗಬೇಕು ಎಂದು ನಿರ್ದೇಶಿಸಿತು.

‘ಪಟ್ಟಿಯಲ್ಲಿ ಹೆಸರು ಮೇಲೆ ತರಿಸುತ್ತೇನೆ’ ಎಂದು ಹಣ ಕೇಳುವವರಿಗೆ ಪಟ್ಟಿಯ ಮೇಲೆ ಯಾವ ಹಿಡಿತವೂ ಇರುವುದಿಲ್ಲ. ಸರದಿಯಿಂದ ಆಚೆ ಪಡೆದ ಸೀಟು ಎಷ್ಟು ದಿನ ನಿಲ್ಲುತ್ತದೆಂಬುದಕ್ಕೆ ಕೇರಳದಲ್ಲೇ ಉದಾಹರಣೆಯಿದೆ. 2016-17ರಲ್ಲಿ ಕಣ್ಣೂರು ಮತ್ತು ಪಾಲಕ್ಕಾಡಿನ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳು ಮಾಡಿಕೊಂಡ 180 ಪ್ರವೇಶಗಳು ರದ್ದಾದವು. ಅವುಗಳನ್ನು ಸಕ್ರಮಗೊಳಿಸಲು ರಾಜ್ಯ ತಂದ ಸುಗ್ರೀವಾಜ್ಞೆಯನ್ನು 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಆ ಮಕ್ಕಳು ವರ್ಷಗಳನ್ನು ಕಳೆದುಕೊಂಡರು.

ತನ್ನ ತಪ್ಪಿಲ್ಲದೆ, ಅಧಿಕಾರಿಗಳ ತಪ್ಪಿನಿಂದ ಸರದಿ ಕಳೆದುಕೊಂಡವರಿಗೆ ಪರಿಹಾರವಿದೆ. ಎಸ್. ಕೃಷ್ಣ ಶ್ರದ್ಧಾ ಪ್ರಕರಣದಲ್ಲಿ 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಎಂಬಿಬಿಎಸ್ ಸೀಟಿನ ಬಗ್ಗೆ ಇದನ್ನು ಸ್ಪಷ್ಟಪಡಿಸಿತು. ಅಭ್ಯರ್ಥಿ ತಡಮಾಡದೆ ನ್ಯಾಯಾಲಯಕ್ಕೆ ಬಂದಿದ್ದು, ತಪ್ಪು ಪೂರ್ತಿ ಅಧಿಕಾರಿಗಳದ್ದಾಗಿದ್ದರೆ, ಅಪರೂಪದ ಸಂದರ್ಭಗಳಲ್ಲಿ ಕೊನೆಯ ದಿನದ ನಂತರವೂ ಒಂದು ತಿಂಗಳೊಳಗೆ ಅದೇ ವರ್ಷ ಸೀಟು ಕೊಡಿಸಬಹುದು, ಇಲ್ಲವಾದರೆ ಮುಂದಿನ ವರ್ಷದ ಸೀಟುಗಳಲ್ಲಿ ಜಾಗ ಕೊಡಿಸಬಹುದು. ಹಾಗೆ ಕೇಳಬೇಕಾದರೆ ಸುತ್ತು ಸುತ್ತಿನ ಹಂಚಿಕೆ ಪತ್ರ, ಶುಲ್ಕದ ರಸೀದಿ, ದೃಢೀಕರಣದ ಪುಟದ ಮುದ್ರಿತ ಪ್ರತಿ, ಕಚೇರಿಗೆ ಬರೆದ ಮನವಿ ಎಲ್ಲವೂ ದಿನಾಂಕ ಸಮೇತ ಕೈಯಲ್ಲಿರಬೇಕು.